ಹೆದ್ದಾರಿಗೆ ಬಂದ ಕೂಡಲೇ ಜನರೇಟರ್ ಟ್ರೇಲರ್ ಬಾಲ ಬೀಸುವುದೇಕೆ?

ಪ್ರಶ್ನೆ: ನಾವು ಬದಿಯಡ್ಕದ ಕಡೆ ಧ್ವನಿ–ಬೆಳಕು, ಶಾಮಿಯಾನದ ಕೆಲಸ ಮಾಡುವವರು. ಕೋಲ, ಬ್ರಹ್ಮಕಲಶ, ಯಕ್ಷಗಾನದ ಆಟ ಎಂದು ಜನರೇಟರ್ ಟ್ರೇಲರನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುತ್ತೇವೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಎಷ್ಟೋ ವರ್ಷ ಓಡಿಸಿದರೂ ತೊಂದರೆ ಇರಲಿಲ್ಲ. ಈಗ ಅಗಲವಾದ ಹೆದ್ದಾರಿಯಲ್ಲಿ ವೇಗ 65 ದಾಟಿದರೆ ಟ್ರೇಲರ್ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ಪಕ್ಕದಲ್ಲಿ ಬಸ್ಸು ಹಾದುಹೋದರೆ ಇನ್ನೂ ಜೋರು. ಹೆಚ್ಚು ಶಕ್ತಿಯ ಪಿಕಪ್ ಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಈ ಕಾರಣಕ್ಕೆ ಹೊಸ ಪಿಕಪ್ ಕೊಳ್ಳಬೇಡಿ. ನಿಮ್ಮ ಎಂಜಿನ್ ಸೋಲುತ್ತಿಲ್ಲ. ಪೆರ್ಲದ ಏರನ್ನು ಹತ್ತುವ ಗಾಡಿಗೆ ಸಮತಟ್ಟಾದ ಹೆದ್ದಾರಿಯಲ್ಲಿ ಎಳೆಯಲು ಏನು ಕಷ್ಟ? ಸಮಸ್ಯೆ ಇರುವುದು ಟ್ರೇಲರಿನಲ್ಲಿ, ಅದರಲ್ಲೂ ಭಾರ ಎಲ್ಲಿ ಕುಳಿತಿದೆ ಎಂಬುದರಲ್ಲಿ. ಬಹುಶಃ ಅದು ಮೊದಲಿನಿಂದಲೂ ಹಾಗೆಯೇ ಇತ್ತು. ಹಳೆಯ ರಸ್ತೆಯ ತಿರುವುಗಳು ನಿಮಗೆ 50 ದಾಟಲು ಬಿಡುತ್ತಿರಲಿಲ್ಲ, ಅಷ್ಟೇ.

ಕಟ್ಟಿ ಎಳೆಯುವ ಯಾವುದೇ ಗಾಡಿಗೆ ಗಾಳಿಯೋ ಹೊಂಡವೋ ಒಂದು ತಳ್ಳು ಕೊಟ್ಟರೆ ಅದು ಪಕ್ಕಕ್ಕೆ ಸರಿಯುತ್ತದೆ. ಕಡಿಮೆ ವೇಗದಲ್ಲಿ ಅದರ ಟಯರುಗಳೇ ಅದನ್ನು ಮತ್ತೆ ಸಾಲಿಗೆ ತರುತ್ತವೆ, ಓಲಾಟ ಎರಡು ಮೂರು ಸಲದಲ್ಲಿ ಸಾಯುತ್ತದೆ. ವೇಗ ಏರಿದಂತೆ ಈ ಗುಣ ಕುಗ್ಗುತ್ತದೆ. ಒಂದು ಮಿತಿ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ, ಕೊನೆಗೆ ಪಿಕಪ್ಪಿನ ಹಿಂಭಾಗವನ್ನೇ ಎಳೆದು ತಿರುಗಿಸುತ್ತದೆ. ಆ ಮಿತಿ ಎಷ್ಟು ಎಂಬುದು ಪ್ರತಿ ಟ್ರೇಲರಿಗೂ, ಪ್ರತಿ ಸಲ ತುಂಬಿದ ರೀತಿಗೂ ಬೇರೆ. ಹಿಂಭಾಗ ಭಾರವಾಗಿದ್ದರೆ, ಪಿಕಪ್ಪಿನ ಹುಕ್ಕಿಗೆ ಸಿಕ್ಕಿಸುವ ಮುಂದಿನ ದಂಡ ಗಿಡ್ಡವಾಗಿದ್ದರೆ, ಟಯರಿನಲ್ಲಿ ಗಾಳಿ ಕಡಿಮೆಯಿದ್ದರೆ ಮಿತಿ ಕೆಳಗಿಳಿಯುತ್ತದೆ. ನಿಮ್ಮದು 65ರ ಆಸುಪಾಸಿನಲ್ಲಿದೆ ಎಂದಾಯಿತು. ದೊಡ್ಡ ಬಸ್ಸು ಪಕ್ಕದಲ್ಲಿ ಬಂದಾಗ ಅದರ ಮುಂದಿನ ಗಾಳಿ ಮೊದಲು ದೂಡುತ್ತದೆ, ದಾಟುವಾಗ ಒಳಕ್ಕೆ ಸೆಳೆಯುತ್ತದೆ. ಓಲಾಟ ಶುರುವಾಗಲು ಅಷ್ಟು ಸಾಕು.

ಜನರೇಟರ್ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೆಂದರೆ ಕೇಬಲ್. ಕೆಲಸ ಮುಗಿದಾಗ ಬೆಳಗಿನ ಜಾವ, ಎಲ್ಲರಿಗೂ ನಿದ್ದೆ. ತಾಮ್ರದ ಕೇಬಲ್ ಸುರುಳಿ, ಫೋಕಸ್ ಲೈಟು, ಡೀಸೆಲ್ ಕ್ಯಾನು ಎಲ್ಲವನ್ನೂ ಕೈಗೆ ಸಿಗುವ ಹಿಂಬದಿಗೆ ಎಸೆದು ಹೊರಡುತ್ತಾರೆ. ಇದರ ಪರಿಣಾಮ ಎಷ್ಟೆಂದು ಲೆಕ್ಕ ಹಾಕೋಣ. ಟ್ರೇಲರ್ ಮತ್ತು ಜನರೇಟರ್ ಸೇರಿ 1450 ಕಿಲೊ, ಆಗ ಹುಕ್ಕಿನ ಮೇಲೆ ಬೀಳುವ ಭಾರ 110 ಕಿಲೊ, ಚಕ್ರದಿಂದ ಹುಕ್ಕಿಗೆ 3 ಮೀಟರ್ ದೂರ ಎಂದುಕೊಳ್ಳಿ. 150 ಕಿಲೊ ಸಾಮಾನನ್ನು ಚಕ್ರದಿಂದ ಒಂದೂವರೆ ಮೀಟರ್ ಹಿಂದೆ ಇಟ್ಟರೆ ಅದು ಹುಕ್ಕಿನಿಂದ 75 ಕಿಲೊ ಎತ್ತುತ್ತದೆ. ಹುಕ್ಕಿನ ಮೇಲೆ ಉಳಿಯುವುದು 35 ಕಿಲೊ, ಅಂದರೆ ಒಟ್ಟು ತೂಕದ ಶೇಕಡಾ 2ರಷ್ಟು. ಅದೇ ಸಾಮಾನನ್ನು ಚಕ್ರದಿಂದ ಒಂದು ಮೀಟರ್ ಮುಂದೆ ಇಟ್ಟರೆ 50 ಕಿಲೊ ಕೂಡುತ್ತದೆ, ಹುಕ್ಕಿನ ಮೇಲೆ 160 ಕಿಲೊ, ಸರಿಯಾಗಿ ಶೇಕಡಾ 10. ಮೊದಲನೆಯದು ಬಾಲ ಬೀಸುವ ಟ್ರೇಲರ್, ಎರಡನೆಯದು ಸಾಲು ಹಿಡಿದು ಬರುವ ಟ್ರೇಲರ್. ಪಿಕಪ್ ಅದೇ, ಚಾಲಕನೂ ಅವನೇ.

ಹುಕ್ಕಿನ ಮೇಲೆ ಒಟ್ಟು ತೂಕದ ಶೇಕಡಾ 10ರಿಂದ 15 ಇರಲಿ ಎಂಬುದು ಭಾರದ ಟ್ರೇಲರುಗಳಿಗೆ ಅಮೆರಿಕದಲ್ಲಿ ಬಳಸುವ ಲೆಕ್ಕ. ಯುರೋಪಿನವರು ಇದಕ್ಕಿಂತ ಕಡಿಮೆ ಇಡುತ್ತಾರೆ, ಆದರೆ ಅವರ ಟ್ರೇಲರುಗಳಿಗೆ ಬ್ರೇಕ್ ಇರುತ್ತದೆ, ವೇಗದ ಮಿತಿಯೂ ಬಿಗಿ. ನಮ್ಮ ಪರಿಸ್ಥಿತಿಗೆ 10 ಒಳ್ಳೆಯ ಗುರಿ. ತೀರಾ ಹೆಚ್ಚಾದರೂ ಕೆಡುಕೇ: ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹುಕ್ಕಿನ ಭಾರವೂ ಪಿಕಪ್ ಹೊತ್ತ ಭಾರವೇ ಎಂಬುದನ್ನು ಹಲವರು ಮರೆಯುತ್ತಾರೆ. ಬೆನ್ನ ಮೇಲೆ ಸ್ಪೀಕರ್, ಶಾಮಿಯಾನದ ಪೈಪುಗಳನ್ನು ಮಿತಿಯಷ್ಟು ಹೇರಿದ ಮೇಲೆ ಹುಕ್ಕಿಗೆ ಪಾಲು ಉಳಿದಿರುವುದಿಲ್ಲ.

ಅಳೆಯುವುದು ಹೇಗೆ? ನಮ್ಮ ಊರುಗಳಲ್ಲಿ ಇದಕ್ಕೆ ಕಷ್ಟವಿಲ್ಲ, ಅಡಿಕೆ ತೂಗುವ ತಕ್ಕಡಿ ಸಾಕು. ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಸಾಮಾನು, ಡೀಸೆಲ್ ಎಲ್ಲ ಹೊರಡುವಾಗ ಇರುವಷ್ಟೇ ಇರಲಿ. 200 ಲೀಟರ್ ಡೀಸೆಲ್ ಎಂದರೆ ಸುಮಾರು 170 ಕಿಲೊ, ಟ್ಯಾಂಕು ಹಿಂದಿದ್ದರೆ ಲೆಕ್ಕವೇ ಬದಲಾಗುತ್ತದೆ. ತಕ್ಕಡಿಯ ಮೇಲೆ ಗಟ್ಟಿಯಾದ ಮರದ ದಿಮ್ಮಿ ನಿಲ್ಲಿಸಿ, ಪಿಕಪ್ಪಿಗೆ ಸಿಕ್ಕಿಸುವಾಗ ಇರುವ ಎತ್ತರದಲ್ಲೇ ದಂಡದ ರಿಂಗನ್ನು ಅದರ ಮೇಲೆ ಕೂರಿಸಿ ಓದಿಕೊಳ್ಳಿ. ಒಟ್ಟು ತೂಕಕ್ಕೆ ಯಾವುದಾದರೂ ವೇ ಬ್ರಿಡ್ಜ್‌ನಲ್ಲಿ ಟ್ರೇಲರನ್ನು ಬಿಚ್ಚಿ ಒಂದೇ ನಿಲ್ಲಿಸಿ ತೂಗಿಸಿದರಾಯಿತು. ಕೇಬಲ್ ಇಡುವ ಜಾಗಕ್ಕೆ ಚಕ್ರದ ಮುಂದೆ ಒಂದು ಪೆಟ್ಟಿಗೆಯನ್ನೇ ಬೆಸುಗೆ ಹಾಕಿಸಿಬಿಡಿ. ನಿದ್ದೆಗಣ್ಣಿನವರಿಗೆ ಉಪದೇಶ ಮಾಡುವುದಕ್ಕಿಂತ ಇದು ಅಗ್ಗ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಬೀಸಲು ತೊಡಗಿದರೆ? ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟಿಯರಿಂಗನ್ನು ನೇರಕ್ಕೆ ಗಟ್ಟಿಯಾಗಿ ಹಿಡಿಯಿರಿ, ವೇಗ ತಾನಾಗಿ ಇಳಿಯಲಿ. ಪ್ರತಿ ಬೀಸಿಗೂ ಎದುರು ತಿರುಗಿಸಲು ಹೋದರೆ ನಿಮ್ಮ ಕೈ ಅರ್ಧ ಕ್ಷಣ ತಡವಾಗಿ ಬರುತ್ತದೆ, ಓಲಾಟಕ್ಕೆ ನೀವೇ ಬಲ ಕೊಟ್ಟಂತಾಗುತ್ತದೆ. ಬ್ರೇಕನ್ನು ಒತ್ತಿ ಹಿಡಿದರೆ ಇನ್ನೂ ಕೆಟ್ಟದ್ದು: ಮುಂದಿನ ಗಾಡಿ ನಿಲ್ಲುತ್ತದೆ, ಹಿಂದಿನದು ನಿಲ್ಲದೆ ಓರೆಯಾಗಿ ನುಗ್ಗುತ್ತದೆ. ವೇಗ ಹೆಚ್ಚಿಸಿದರೆ ನೇರವಾಗುತ್ತದೆ ಎಂದು ಕೆಲವು ಹಳಬರು ಹೇಳುತ್ತಾರೆ. ಕೇಳಬೇಡಿ. ಮಿತಿ ಮೀರಿದ್ದರಿಂದಲೇ ಬೀಸುತ್ತಿರುವ ಗಾಡಿಯನ್ನು ಇನ್ನಷ್ಟು ಮೀರಿಸಿ ಸರಿಮಾಡುವುದು ಎಲ್ಲಿಯ ವಿದ್ಯೆ? ತಲಪಾಡಿಯಿಂದ ಚೆಂಗಳದ ಕಡೆಗೆ ಬರುವಾಗ ಎಡ ಪಥದಲ್ಲಿ ವೇಗವನ್ನು 50ರಲ್ಲೇ ಇಟ್ಟುಕೊಳ್ಳಿ. 40ರಿಂದ 60ಕ್ಕೆ ಹೋದರೆ ಬ್ರೇಕ್ ಹೀರಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಬ್ರೇಕಿನ ಮಾತು ಬಂದದ್ದರಿಂದ ನೀವು ಕೇಳದ ಒಂದನ್ನು ಹೇಳುತ್ತೇನೆ, ಏಕೆಂದರೆ ನನ್ನ ಪ್ರಕಾರ ಓಲಾಟಕ್ಕಿಂತ ಇದು ಹೆಚ್ಚು ಅಪಾಯ. ನಿಮ್ಮ ಟ್ರೇಲರಿಗೆ ಸ್ವಂತ ಬ್ರೇಕ್ ಇದೆಯೇ? ಯುರೋಪಿನಲ್ಲಿ 750 ಕಿಲೊ ದಾಟಿದ ಟ್ರೇಲರಿಗೆ ಬ್ರೇಕ್ ಇರಲೇಬೇಕು. ನಮ್ಮಲ್ಲಿ ಅದರ ಎರಡು ಪಟ್ಟು ತೂಕದ ಯಂತ್ರಗಳು ಬ್ರೇಕಿಲ್ಲದೆ, ಬರೀ ಒಂದು ಪಿನ್ನಿಗೆ ಸಿಕ್ಕಿಕೊಂಡು ಓಡಾಡುತ್ತವೆ. ಭಾಗಮಂಡಲದಿಂದ ಕರಿಕೆಗೆ ಘಾಟಿ ಇಳಿದು ಪಾಣತ್ತೂರಿಗೆ ಬರುತ್ತೀರಿ ಎಂದುಕೊಳ್ಳಿ. ಪಿಕಪ್, ಟ್ರೇಲರ್ ಸೇರಿ 4 ಟನ್ ಭಾರ 300 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು 40 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿಯ ಬಹುಪಾಲು ಪಿಕಪ್ಪಿನ ನಾಲ್ಕು ಚಕ್ರಗಳ ಬ್ರೇಕಿಗೇ ಹೋಗಬೇಕು. ಹಳೆಯ ಬ್ರೇಕ್ ಆಯಿಲ್ ನೀರಿನಂಶ ಹೀರಿಕೊಂಡಿರುತ್ತದೆ, ಬೇಗ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಬೇಕು, ಮತ್ತೆ ಒತ್ತಬೇಕು, ಕಾಲಿಟ್ಟುಕೊಂಡೇ ಇರಬಾರದು.

ಹಣ ಖರ್ಚು ಮಾಡುವ ಮನಸ್ಸಿದ್ದರೆ ದೊಡ್ಡ ಪಿಕಪ್ಪಿಗೆ ಬದಲು ಟ್ರೇಲರಿಗೆ ಓವರ್‌ರನ್ ಬ್ರೇಕ್ ಹಾಕಿಸಿ. ಪಿಕಪ್ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕನ್ನೇ ಬಳಸಿ ಅದರ ಚಕ್ರಗಳಿಗೆ ಬ್ರೇಕ್ ಬೀಳುವ ಏರ್ಪಾಡು ಇದು. ಕರೆಂಟು, ವಯರಿಂಗಿನ ತಲೆನೋವಿಲ್ಲ.

ಹುಕ್ ಪಿಕಪ್ಪಿನ ಚಾಸಿಗೆ ಬೋಲ್ಟಿನಿಂದ ಕೂತಿರಲಿ, ಬಂಪರಿಗೆ ಬೆಸುಗೆ ಹಾಕಿದ್ದರೆ ಇವತ್ತೇ ತೆಗೆಸಿ. ಪಿನ್ನಿಗೆ ಲಾಕ್ ಇರಬೇಕು. ಎರಡು ಸರಪಳಿಗಳನ್ನು ದಂಡದ ಕೆಳಗೆ ಅಡ್ಡಡ್ಡ ಕಟ್ಟಿದರೆ ಪಿನ್ ಕಳಚಿದರೂ ದಂಡ ರಸ್ತೆಗೆ ಕುಸಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ. ಪತ್ತನಾಜೆಯ (ಕೋಲ, ಆಟಗಳ ಋತು ಮುಗಿಯುವ ದಿನದ) ನಂತರ ಮಳೆಗಾಲವಿಡೀ ಒಂದೇ ಕಡೆ ನಿಂತ ಟ್ರೇಲರಿನ ಟಯರು ಸವೆಯದೆಯೇ ಹಾಳಾಗುತ್ತದೆ. ಪಕ್ಕದ ಬಿರುಕು ನೋಡಿ, ತಯಾರಿಯ ದಿನಾಂಕ ನೋಡಿ. 2319 ಎಂದಿದ್ದರೆ 2019ರ 23ನೇ ವಾರ. ಬೇರಿಂಗಿಗೆ ಗ್ರೀಸು ಆ ಹೊತ್ತಿಗೇ ಆಗಿಬಿಡಲಿ. ದಂಡದ ಮೇಲೆ ಹುಡುಗರನ್ನು ಕೂರಿಸುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ, ಚರ್ಚೆಯೇ ಬೇಡ.

ಕಾಗದಪತ್ರದ ವಿಷಯ ಒಂದು: ಕಾನೂನಿನ ಕಣ್ಣಿಗೆ ಟ್ರೇಲರ್ ಬೇರೆಯೇ ವಾಹನ, ಅದಕ್ಕೆ ತನ್ನದೇ ನೋಂದಣಿ ಬೇಕು. ಮಂಗಳೂರು ಕಡೆಯ ಕಾರ್ಯಕ್ರಮ ಒಪ್ಪಿಕೊಂಡು ತಲಪಾಡಿ ದಾಟುವ ಮೊದಲು ಪಿಕಪ್ಪಿನ ವಿಮಾ ಪತ್ರ ತೆರೆದು, ಟ್ರೇಲರಿನ ನಂಬರು ಅದರಲ್ಲಿ ನಮೂದಾಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ವಿಮಾ ಕಂಪನಿಗೆ ಬರೆದು ಸೇರಿಸಿಕೊಳ್ಳಿ.