ಕೀ ಬಂಚಿಗೆ ಎಂಥ ಚಾಕು ಒಳ್ಳೇದು?

ಓದುಗರ ಪ್ರಶ್ನೆ: "ಹೊಸನಗರದ ಹತ್ತಿರ ನಮ್ಮ ತೋಟ. ಬೈಕಿನ ಕೀ ಬಂಚಿಗೆ ಒಂದು ಸಣ್ಣ ಮಡಚುವ ಚಾಕು ಹಾಕಿಕೊಳ್ಳೋಣ ಅಂತಿದ್ದೇನೆ. ಅಲಗು ಎಷ್ಟು ಉದ್ದ ಇರಬೇಕು? ಲಾಕ್ ಇರುವುದೇ ತಗೋಬೇಕಾ? ನಮ್ಮ ಮಳೆಗೆ ತುಕ್ಕು ಹಿಡಿಯಲ್ವಾ?"

ಮೊದಲು ನೇರ ಉತ್ತರ. ಮಡಚಿದಾಗ 6 ಸೆಂ.ಮೀ. ಮೀರದ, 20–25 ಗ್ರಾಂ ತೂಗುವ, ಸ್ಟೇನ್‌ಲೆಸ್ ಅಲಗಿನ ಚಾಕು ತಗೊಳ್ಳಿ. ಅದರಲ್ಲಿ ಒಂದು ಪುಟ್ಟ ಕತ್ತರಿ, ಒಂದು ಚಿಮಟ ಇರಲಿ. ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಬೇಕಿಲ್ಲ. ಅಲಗು 4 ಸೆಂ.ಮೀ. ಇದ್ದರೆ ಧಾರಾಳವಾಯಿತು.

ತೋಟ ಇರುವವರಿಗೆ ಇದು ತೀರಾ ಚಿಕ್ಕದು ಅನ್ನಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಕತ್ತಿಗೇನು ಬರ? ಅಡಿಕೆ ಸುಲಿಯಲು ಮೆಟ್ಟುಗತ್ತಿ, ಸೊಪ್ಪು ಕಡಿಯಲು ಕತ್ತಿ, ಹುಲ್ಲಿಗೆ ಕುಡುಗೋಲು, ಅಡುಗೆಮನೆಯಲ್ಲಿ ಈಳಿಗೆಮಣೆ. ಬಾಳೆಗೊನೆ ಕಡಿಯಲು ಯಾರೂ ಕೀ ಬಂಚ್ ತೆಗೆಯುವುದಿಲ್ಲ. ಕೀ ಬಂಚಿನ ಚಾಕು ನೆನಪಾಗುವುದು ಕತ್ತಿ ಇಲ್ಲದ ಕಡೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಟ್ಟಿಸಿಕೊಂಡ ಗಂಟಿನ ಹುರಿ, ಬಸ್ಸಿನಲ್ಲಿ ಮಗು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿರುವ ಬಿಸ್ಕತ್ ಪ್ಯಾಕೆಟ್, ಅಂಗಿಯ ಗುಂಡಿಯಿಂದ ಇಳಿಬಿದ್ದ ದಾರ. ಇವಕ್ಕೆ 3 ಸೆಂ.ಮೀ. ಬಾಯಿ ಸಾಕು. ನಿಜ ಹೇಳಬೇಕೆಂದರೆ, ಇಂಥ ಕೆಲಸಗಳಲ್ಲಿ ಅರ್ಧಕ್ಕರ್ಧ ಕತ್ತರಿಯವು. ನನ್ನ ಚಾಕುವಿನಲ್ಲಿ ಅಲಗಿಗಿಂತ ಕತ್ತರಿಯೇ ಹೆಚ್ಚು ಸವೆದಿದೆ.

ಭಾರದ ಲೆಕ್ಕ ಯಾಕೆ ಮುಖ್ಯ ಅಂದರೆ, ಕೀ ಬಂಚ್ ಇಡೀ ದಿನ ನಿಮ್ಮ ಜೊತೆ ಇರುವ ವಸ್ತು. ಪ್ಯಾಂಟಿನ ಜೇಬಿನಲ್ಲಿ ಹೇಗೋ ನಡೆಯುತ್ತದೆ. ಪಂಚೆ ಉಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಭಾರದ ಬಂಚ್ ಜಾರಿ ಬೀಳುತ್ತದೆ. ಬೈಕಿನಲ್ಲಿ ನೇತಾಡುವಾಗ ಹುಲಿಕಲ್ ಘಾಟಿಯ ಪ್ರತಿ ತಿರುವಿನಲ್ಲೂ ಟ್ಯಾಂಕಿಗೆ ಟಣಟಣ ಬಡಿಯುತ್ತದೆ. ಒಂದು ಅಳತೆ ಸಿಗಲಿ ಅಂತ ಹೇಳುತ್ತೇನೆ: ವಿಕ್ಟೋರಿನಾಕ್ಸ್‌ನವರ 'ಕ್ಲಾಸಿಕ್ ಎಸ್‌ಡಿ' ಮಡಚಿದಾಗ 58 ಮಿ.ಮೀ., ತೂಕ ಸುಮಾರು 21 ಗ್ರಾಂ. ಅಲಗು, ಕತ್ತರಿ, ಉಗುರು ಉಜ್ಜುವ ಅರ, ಚಿಮಟ, ಹಲ್ಲುಕಡ್ಡಿ ಎಲ್ಲ ಅದರಲ್ಲೇ. ಲೆದರ್‌ಮನ್‌ನವರ 'ಮೈಕ್ರಾ' ಸುಮಾರು 6.5 ಸೆಂ.ಮೀ., 50 ಗ್ರಾಂ. ಕತ್ತರಿ ಅದರಲ್ಲಿ ಇನ್ನೂ ಗಟ್ಟಿ, ಆದರೆ ತೂಕ ಎರಡು ಪಟ್ಟಿಗಿಂತ ಜಾಸ್ತಿ. ಅದು ಬ್ಯಾಗಿಗೆ ಸರಿ. ಬೇರೆ ಕಂಪನಿಯದು ತಗೊಂಡರೂ ಈ ಎರಡು ತೂಕಗಳ ನಡುವೆ ಎಲ್ಲಿ ನಿಲ್ಲುತ್ತದೆ ಅಂತ ನೋಡಿ.

ಚಿಮಟ ಇರಲಿ ಅಂದೆನಲ್ಲ, ನಮ್ಮ ಕಡೆ ಅದಕ್ಕೆ ಬೇರೆಯೇ ಬೆಲೆ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಬೇಸಿಗೆಯಲ್ಲಿ ದರಗು ತರಲು ಕಾಡಿಗೆ ಹೋಗಿ ಬಂದಾಗ ಮೈಮೇಲೆ ಉಣುಗು ಕಚ್ಚಿಕೊಂಡಿದ್ದರೆ ಬೆರಳಿನಲ್ಲಿ ಹಿಚುಕಬೇಡಿ. ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ, ಉಣುಗಿನ ತಲೆಯ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ನಿಧಾನ ಎಳೆಯಿರಿ. ಆಮೇಲೆ ಸೋಪಿನಲ್ಲಿ ಕೈಯನ್ನೂ ಕಚ್ಚಿದ ಜಾಗವನ್ನೂ ತೊಳೆಯಿರಿ, ಚಿಮಟವನ್ನೂ ತೊಳೆಯಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಈಗ ಲಾಕ್. ಇಷ್ಟು ಸಣ್ಣ ಚಾಕುಗಳಲ್ಲಿ ಅಲಗನ್ನು ಹಿಡಿದಿಡುವುದು ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಮಾತ್ರ. ಲಾಕ್ ಸೇರಿಸಿದರೆ ದಪ್ಪ, ತೂಕ ಎರಡೂ ಏರುತ್ತವೆ. ಹಿಡಿ ಎರಡು ಬೆರಳಿನಷ್ಟೇ ಇರುವಾಗ ಹೇಗೂ ಜಾಸ್ತಿ ಬಲ ಹಾಕಲು ಆಗುವುದಿಲ್ಲ. ಆದರೆ ಲಾಕ್ ಇಲ್ಲದ ಚಾಕು ಹಿಡಿಯುವ ಒಂದು ರೀತಿ ಇದೆ: ಎಳೆದು ಕೊಯ್ಯಬೇಕು, ಚುಚ್ಚಬಾರದು. ನಾನು ಇದನ್ನು ಕಲಿತದ್ದು ಗಾಯದಿಂದ. ಜಾತ್ರೆಯಲ್ಲಿ ಕೊಂಡ ಒಂದು ಅಗ್ಗದ ಚಾಕು ಇತ್ತು. ಪಂಪ್‌ಸೆಟ್ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯ ಅಡಿಗೆ ಅದರ ತುದಿ ತೂರಿಸಿ ಮೀಟಿದೆ. ಸ್ಪ್ರಿಂಗ್ ಸಡಿಲವಿತ್ತು. ಅಲಗು ಸದ್ದೇ ಇಲ್ಲದೆ ಮಡಚಿಕೊಂಡು ತೋರುಬೆರಳಿನ ಒಳಮಗ್ಗುಲಿಗೆ ಕೂತಿತು. ಮೂರು ಹೊಲಿಗೆ ಬಿತ್ತು. ಆ ಗೆರೆ ಈಗಲೂ ಇದೆ.

ಹಾಗಾಗಿ ಅಂಗಡಿಯಲ್ಲಿ ಇಷ್ಟು ಮಾಡಿ. ಅಲಗನ್ನು ಉಗುರಿನಲ್ಲಿ ಎತ್ತಿ. ಕೊನೆಗೆ ಬರುವಾಗ 'ಟಕ್' ಅಂತ ತಾನೇ ಹೋಗಿ ಕೂರಬೇಕು. ಮಡಚುವಾಗಲೂ ಮೊದಲು ಸ್ವಲ್ಪ ತಡೆದು, ಆಮೇಲೆ ಬಗ್ಗಬೇಕು. ತೆರೆದ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇಡ. ಮುಚ್ಚಿದಾಗ ತುದಿ ಹಿಡಿಯೊಳಗೆ ಪೂರ್ತಿ ಮುಳುಗಿರಬೇಕು, ಇಲ್ಲದಿದ್ದರೆ ಜೇಬಿನ ಬಟ್ಟೆ ಅದನ್ನು ಮೀಟಿ ತೆರೆಯುತ್ತದೆ. ಉಗುರು ಹಾಕುವ ಗೀರನ್ನು ಕೈ ಒದ್ದೆ ಮಾಡಿಕೊಂಡು ಪರೀಕ್ಷಿಸಿದರೆ ಇನ್ನೂ ಒಳ್ಳೆಯದು. ಆಷಾಢದ ಮಳೆಯಲ್ಲಿ ನೆನೆದು ಮೆತ್ತಗಾದ ಉಗುರಿಗೆ ಕೆಲವು ಅಲಗುಗಳು ಏಳುವುದೇ ಇಲ್ಲ.

ತುಕ್ಕಿನ ಪ್ರಶ್ನೆ ಬಹಳ ಸರಿಯಾಗಿ ಕೇಳಿದ್ದೀರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಹೊಸನಗರದವರಿಗೆ ಮಳೆಯ ಬಗ್ಗೆ ನಾನು ಹೇಳಬೇಕಿಲ್ಲ. ಕಾರ್ಬನ್ ಸ್ಟೀಲ್ ಅಲಗು ಚೆನ್ನಾಗಿ ಹರಿತ ಬರುತ್ತದೆ, ಸಾಣೆಗೂ ಸುಲಭ. ನಮ್ಮ ಕತ್ತಿಗಳೆಲ್ಲ ಹಾಗೆಯೇ ಅಲ್ವಾ? ಆದರೆ ಕತ್ತಿ ದಿನಾ ಕಲ್ಲಿಗೆ ಉಜ್ಜಿಸಿಕೊಳ್ಳುತ್ತದೆ, ಒಲೆಯ ಹತ್ತಿರ ಒಣಗುತ್ತದೆ. ಮಡಚಿದ ಚಾಕು ಒದ್ದೆ ಜೇಬಿನಲ್ಲಿ ಬೆವರು ಕುಡಿಯುತ್ತಾ ಮಲಗಿರುತ್ತದೆ. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿ ತಾಗಿದಾಗ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿ ಕಬ್ಬಿಣವನ್ನು ಕಾಯುತ್ತದೆ. ಇನ್ನೊಂದು, ಅಡಿಕೆ. ಹಸಿ ಅಡಿಕೆಯ ರಸದಲ್ಲಿ ಟ್ಯಾನಿನ್ ಹೆಚ್ಚು. ಅದು ಕಬ್ಬಿಣಕ್ಕೆ ತಾಗಿದರೆ ಕಡುಕಪ್ಪಾಗುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಕಾರ್ಬನ್ ಅಲಗಿನಲ್ಲಿ ಒಂದು ಅಡಿಕೆ ಸೀಳಿ ಒರೆಸದೆ ಬಿಟ್ಟು ನೋಡಿ, ಗೊತ್ತಾಗುತ್ತದೆ.

ಮರದ ಹಿಡಿಯೂ ನಮಗೆ ಒಗ್ಗುವುದಿಲ್ಲ. ಫ್ರಾನ್ಸಿನ ಓಪಿನೆಲ್ ಚಾಕುಗಳೆಂದರೆ ನನಗೆ ತುಂಬ ಇಷ್ಟ, 2ನೇ ನಂಬರಿನದಂತೂ ಅಲಗು ಬರೀ 3.5 ಸೆಂ.ಮೀ. ಆದರೆ ಅದರ ಬೀಚ್ ಮರ ತೇವ ಹೀರಿ ಉಬ್ಬಿದರೆ ಅಲಗು ಬಿಗಿದುಕೊಳ್ಳುತ್ತದೆ. ಅದನ್ನು ದೀಪಾವಳಿ ಕಳೆದ ಮೇಲೆ ಹೊರಗೆ ತೆಗೆಯಿರಿ.

ಎಣ್ಣೆ ಹಾಕುವಾಗ ಒಂದು ಎಚ್ಚರ. ಹಲಸಿನ ಮೇಣ ಅಂಟಿದರೆ ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಲಗು ತಿರುಗುವ ಕೀಲಿಗೆ ಮಾತ್ರ ಕೊಬ್ಬರಿ ಎಣ್ಣೆ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಪುಷ್ಯದ ಚಳಿಯಲ್ಲಿ ಬಚ್ಚಲಿನ ಬಾಟಲಿ ಗಟ್ಟಿಯಾಗುತ್ತದಲ್ಲ, ಹಾಗೇ ಚಾಕುವಿನ ಕೀಲೂ ಬಿಗಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ನಾಲ್ಕಾರು ಸಲ ತೆರೆದು ಮುಚ್ಚಿ, ಒರೆಸಿಬಿಡಿ. ಮೊಂಡಾದರೆ ಸಾಣೆ ಚಕ್ರಕ್ಕೆ ಕೊಡಬೇಡಿ. ಇಷ್ಟು ತೆಳು ಅಲಗು ಬಿಸಿಗೆ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಂಥ ಅಂಚು ಇರುತ್ತದೆ, ಅದರ ಮೇಲೆ ಎರಡೂ ಮಗ್ಗುಲು ಹತ್ತು ಹತ್ತು ಸಲ ಎಳೆದರೆ ಸಾಕು.

ಕಾನೂನಿನ ಭಯ ಬೇಡ. 1959ರ ಶಸ್ತ್ರ ಕಾಯ್ದೆಯ ನಿಯಮಗಳು ಹರಿತ ಆಯುಧ ಅಂತ ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗನ್ನು. ಮನೆಗೆಲಸದ, ಬೇಸಾಯದ ಹತಾರಗಳು ಅದರಿಂದ ಹೊರಗೆ. ಆದರೆ ವಿಮಾನದ ಕೈಚೀಲದಲ್ಲಿ ಇಷ್ಟು ಸಣ್ಣದನ್ನೂ ಬಿಡುವುದಿಲ್ಲ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವವರು ಚೆಕ್‌-ಇನ್ ಲಗೇಜಿಗೆ ಹಾಕಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ಬಿಟ್ಟು ಹೋಗಬೇಕಾಗುತ್ತದೆ.

ಅದಕ್ಕೇ ಚಾಕುವನ್ನು ನೇರ ಕೀ ರಿಂಗಿಗೆ ಹಾಕಬೇಡಿ. ನಡುವೆ ಒಂದು ಸಣ್ಣ ಕೊಕ್ಕೆ ಕ್ಲಿಪ್ ಇರಲಿ. ಬೈಕನ್ನು ಗ್ಯಾರೇಜಿಗೆ ಬಿಡುವಾಗ ಕೀ ಕೊಟ್ಟು, ಚಾಕು ಕಳಚಿ ಜೇಬಿಗೆ ಹಾಕಿಕೊಳ್ಳಬಹುದು.