ನಾಲ್ಕು ಮೈಲಿಯ ಕುದುರೆ ಒಂದೂವರೆ ಮೈಲಿಗೆ ಇಳಿದ ಕಥೆ

ಕುಣಿಗಲ್‌ನಲ್ಲಿ ಯಾರನ್ನು ಕೇಳಿದರೂ ಕುದುರೆ ಫಾರಂಗೆ ದಾರಿ ತೋರಿಸುತ್ತಾರೆ. 400 ಎಕರೆಗೂ ಜಾಸ್ತಿ ಜಾಗ. ಟಿಪ್ಪು ಕಾಲದಲ್ಲಿ ಇಲ್ಲಿ ಸಾಕುತ್ತಿದ್ದದ್ದು ದಂಡಿನ ಕುದುರೆ. ಅದು ದಿನವಿಡೀ ನಡೀಬೇಕು, ಸವಾರನ ಜೊತೆ ಅವನ ಗಂಟುಮೂಟೆನೂ ಹೊರಬೇಕು, ಮಾರನೇ ಬೆಳಗ್ಗೆ ಮತ್ತೆ ಹೊರಡಬೇಕು. ಈಗ ಹೆಸರಿರುವುದು ಥರೋಬ್ರೆಡ್‌ಗೆ, ಅಂದರೆ ರೇಸ್ ಕುದುರೆಗೆ. 1992ರಲ್ಲಿ ಸರ್ಕಾರ ಫಾರಂ ಅನ್ನು ಯುಬಿ ಗುಂಪಿನ ಕಂಪನಿಗೆ ಗುತ್ತಿಗೆ ಕೊಟ್ಟಿತು. ಮುಂಬೈಯಲ್ಲಿ ನಡೆಯುವ ದೊಡ್ಡ ರೇಸ್ ಇಂಡಿಯನ್ ಡರ್ಬಿಯ ದೂರ 2400 ಮೀಟರ್, ಅಂದರೆ ಸುಮಾರು ಒಂದೂವರೆ ಮೈಲಿ. ಎರಡೂವರೆ ನಿಮಿಷದ ಕೆಲಸ.

ಇಂಥ ಕುದುರೆಯನ್ನು 160 ಕಿಲೋಮೀಟರ್‌ನ ಎಂಡ್ಯೂರೆನ್ಸ್ ಸ್ಪರ್ಧೆಗೆ, ಅಂದರೆ ದೂರದ ಸವಾರಿಗೆ, ತಯಾರು ಮಾಡ್ತೀನಿ ಅಂದರೆ ಕುದುರೆ ಬಲ್ಲವರೇ ನಗುತ್ತಾರೆ. ಆದರೆ ಥರೋಬ್ರೆಡ್ ಹುಟ್ಟಿದ್ದೇ ದೂರದ ಓಟಕ್ಕೆ. ಇಂಗ್ಲೆಂಡಿನಲ್ಲಿ ಮೊದಲು ನಾಲ್ಕು ಮೈಲಿ ರೇಸ್ ಇರುತ್ತಿತ್ತು, ಅದೂ ಒಂದೇ ದಿನ ಎರಡು ಮೂರು ಸಲ. 1769ರಲ್ಲಿ ಎಕ್ಲಿಪ್ಸ್ ಎಂಬ ಕುದುರೆ ತನ್ನ ಮೊದಲ ರೇಸನ್ನು ಗೆದ್ದದ್ದು ಹಾಗೆಯೇ. ಆಮೇಲೆ ಜನಕ್ಕೆ ಎಳೇ ಕುದುರೆಗಳ ಚುರುಕು ಓಟದ ಹುಚ್ಚು ಹಿಡಿಯಿತು. 1780ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮೊದಲ ಡರ್ಬಿ ಬರೀ ಒಂದು ಮೈಲಿ. 1784ರಿಂದ ಒಂದೂವರೆ. ಗೆದ್ದ ಗಂಡಿಗೇ ಹೆಣ್ಣು ಬಿಡುವುದು ತಾನೇ? ತಲೆಮಾರು ಕಳೆದಂತೆ ಮೈಯೂ ಬದಲಾಯಿತು. ಕುದುರೆ ಸೋಲಲಿಲ್ಲ, ನಾವೇ ದೂರ ಕಡಿಮೆ ಮಾಡಿದೆವು ಅಂತಲೇ ನನ್ನ ಲೆಕ್ಕ.

ಇತ್ತ ದೂರದ ಸವಾರಿ 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಆಟವಾಗಿ ಶುರುವಾಯಿತು. 100 ಮೈಲಿ ಬೆಟ್ಟದ ದಾರಿ, 24 ಗಂಟೆಯೊಳಗೆ ಮುಗಿಸಬೇಕು. ಟೆವಿಸ್ ಕಪ್ ಅಂದರೆ ಇದೇ. ಅಲ್ಲಿ ಮೆರೆದದ್ದು ಅರಬ್ ಕುದುರೆ. ತಮಾಷೆ ಅಂದರೆ ಎಕ್ಲಿಪ್ಸ್‌ನ ಮುತ್ತಜ್ಜನ ಅಪ್ಪನೂ ಸಿರಿಯಾದಿಂದ ತಂದ ಅರಬ್ಬೇ!

ಎಂಡ್ಯೂರೆನ್ಸ್‌ನಲ್ಲಿ ಸುಮ್ನೆ ಓಡಿದರೆ ಆಗಲ್ಲ. ಪ್ರತಿ ಹಂತ ಮುಗಿದಾಗಲೂ ತಪಾಸಣೆ ಇರುತ್ತದೆ. ಕುತ್ತಿಗೆ ಮೇಲೆ ನೀರು ಸುರಿಯುತ್ತಾರೆ. ಪಶುವೈದ್ಯರು ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಎದೆಬಡಿತ ಎಣಿಸುತ್ತಾರೆ, ಕುತ್ತಿಗೆ ಚರ್ಮ ಚಿವುಟಿ ನೀರಿನಂಶ ನೋಡುತ್ತಾರೆ, ಹಗುರವಾಗಿ ಓಡಿಸಿ ಕುಂಟು ಇದೆಯಾ ಅಂತ ಗಮನಿಸುತ್ತಾರೆ. ಗೊತ್ತುಪಡಿಸಿದ ಹೊತ್ತಿನೊಳಗೆ ಬಡಿತ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಆಟ ಮುಗೀತು. ಥರೋಬ್ರೆಡ್ ಒದ್ದಾಡುವುದು ಇಲ್ಲೇ. ಮೈ ದೊಡ್ಡದು, ಮಾಂಸಖಂಡ ಜಾಸ್ತಿ, ಬಿಸಿ ಬೇಗ ಹೊರಹೋಗಲ್ಲ. ಅಂಗಾಲೂ ತೆಳು. ಅರಬ್ ಸಣ್ಣ ಮೈಯದು, ಬೇಗ ತಣ್ಣಗಾಗುತ್ತದೆ.

ಹಾಗಂತ ಆಗದ ಕೆಲಸವೇನಲ್ಲ. ರೇಸ್ ಬಿಟ್ಟ ಕುದುರೆಗೆ ಮೊದಲು ನಡೆಯೋದು ಕಲಿಸಬೇಕು. ಪಕ್ಕದಲ್ಲಿ ಇನ್ನೊಂದು ಕುದುರೆ ಬಂದರೆ ಸಾಕು, ಅದು ನಾಗಾಲೋಟಕ್ಕೆ ಹೊರಟುಬಿಡುತ್ತದೆ. ಅದಕ್ಕೆ ಗೊತ್ತಿರುವುದು ಅಷ್ಟೇ ಅಲ್ವಾ? ಕೆರೆ ಏರಿ ಮೇಲೆ ಲಗಾಮು ಸಡಿಲ ಬಿಟ್ಟು ತಿಂಗಳುಗಟ್ಟಲೆ ನಡಿಗೆ, ಆಮೇಲೆ ದುಡುಕಿ, ಅಂದರೆ ನಡಿಗೆಗಿಂತ ಚುರುಕಾದ ಹಗುರ ಓಟ. ಉಸಿರು ಬೇಗ ಪಳಗುತ್ತದೆ, ಕಾಲಿನ ಸ್ನಾಯುರಜ್ಜು (ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು) ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಮೇವೂ ಬದಲಾಗಬೇಕು. ಹುರುಳಿ, ಓಟ್ಸ್ ಕಡಿಮೆ ಮಾಡಿ ಹುಲ್ಲು ಜಾಸ್ತಿ ಹಾಕಬೇಕು. ಹೊಟ್ಟೆಯಲ್ಲಿರೋ ಹುಲ್ಲು ನೀರು ಹಿಡಿದಿಟ್ಟುಕೊಂಡು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಮೈಗೆ ಬಿಟ್ಟುಕೊಡುತ್ತದೆ.