ಮರದ ಮೇಲಿನವರ ಕ್ಷೇಮ ಕೆಳಗಿನ ಡ್ರಮ್ಮಿನಲ್ಲಿದೆ

ಮಳೆ ಹಿಡಿಯುವ ಮುಂಚೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಒಂದೇ ಮಾತು: ಮದ್ದು ಬಿಡಲು ಜನ ಸಿಕ್ಕಿದರಾ? ಜನ ಅಂದರೆ ಮರ ಹತ್ತುವವರು. ಅವರ ಮೇಲೆ ಎಲ್ಲರಿಗೂ ಗೌರವ ಇದೆ, ಇರಲೇಬೇಕು. ಆದರೆ ಕೆಳಗೆ ಡ್ರಮ್ಮಿನ ಪಕ್ಕ ನಿಂತು ಸುಣ್ಣ ಕದಡುವ, ಸೋಸುವ, ಪೈಪು ಎಳೆಯುವ ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಸಲಹೆ ಕೊಡುತ್ತಾ ತೋಟ ಸುತ್ತುವ ನನಗೆ ಇದು ತುಂಬಾ ಬೇಸರದ ವಿಷಯ.

ಈ ರೋಗಕ್ಕೆ ಬಿಡುವ ಮದ್ದೇ ಬೋರ್ಡೋ ದ್ರಾವಣ. ಅದರ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಪ್ಲಾಸ್ಟಿಕ್ ಡ್ರಮ್ ಆಗಬೇಕು, ಕಬ್ಬಿಣದ್ದು ಬೇಡ. ಎಡವಟ್ಟಾಗುವುದು ಸುಣ್ಣದಲ್ಲಿ. ಗಾಳಿಗೆ ತೆರೆದಿಟ್ಟ ಹಳೇ ಸುಣ್ಣದ ಸತ್ವ ಹೋಗಿರುತ್ತದೆ, ಅದನ್ನು ಸರಿಯಾಗಿ ತೂಗಿ ಹಾಕಿದರೂ ತುತ್ತಿನ ಹುಳಿ ಮುರಿಯುವುದಿಲ್ಲ, ಎಳೆ ಕಾಯಿ ಸುಟ್ಟುಹೋಗುತ್ತದೆ. ಅದಕ್ಕೇ ಕತ್ತಿ ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಕಲಸಿದ್ದು ಅವತ್ತೇ ಮುಗಿಯಬೇಕು.

ಇನ್ನು ಸೋಸುವುದು. ಹರಿದ ಬಟ್ಟೆಯಲ್ಲಿ ಅವಸರಕ್ಕೆ ಸೋಸಿದರೆ ಸುಣ್ಣದ ಹರಳು ಪೈಪಿನೊಳಗೆ ಹೋಗಿ, ಮದ್ದು ಚಿಮ್ಮುವ ತುದಿಯ ನಾಸಲ್‌ನಲ್ಲಿ ಕೂರುತ್ತದೆ, ಆಗ 50 ಅಡಿ ಮೇಲೆ, ಒದ್ದೆ ಮರವನ್ನು ಒಂದು ಕೈಯಲ್ಲಿ ಅಪ್ಪಿಕೊಂಡವರು ಇನ್ನೊಂದು ಕೈಯಲ್ಲಿ ಅದನ್ನು ಬಿಚ್ಚಿ ಊದಿ ಸರಿಮಾಡಬೇಕು. ಗಾಳಿಗೆ ಮರ ಓಲಾಡುತ್ತಿರುತ್ತದೆ. ಕೆಳಗಿನ ಅಸಡ್ಡೆಗೆ ಮೇಲಿನವರು ಜೀವ ಪಣಕ್ಕಿಡುವುದು ಯಾವ ನ್ಯಾಯ? ಅರ್ಧಂಬರ್ಧ ಮದ್ದು ಬಿದ್ದ ಗೊನೆಯಲ್ಲಿ ಕೊಳೆ ಹಿಡಿದರೆ ಮಳೆನೀರಿನ ಜೊತೆ ಅಕ್ಕಪಕ್ಕದ ಮರಕ್ಕೂ ಹರಡುತ್ತದೆ, ಅದು ಬೇರೆ ನಷ್ಟ.

ಈ ಕೆಲಸ ಮೈಗೆ ಅಂಟುವಂಥದ್ದು. ಸಂಜೆ ಹೊತ್ತಿಗೆ ತಲೆಗೂದಲಿಂದ ಉಗುರಿನ ತನಕ ನೀಲಿ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಸುಮ್ನೆ ಉಜ್ಜಿ ಬಿಡುವ ವಿಷಯ ಅಲ್ಲ. ಡ್ರಮ್ಮಿನ ಹತ್ತಿರವೇ ಒಂದು ಕೊಡ ಶುದ್ಧ ನೀರು ಇಟ್ಟಿರಬೇಕು, ಕಣ್ಣನ್ನು 15 ನಿಮಿಷವಾದರೂ ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಕೈಗವಸು, ಕನ್ನಡಕದ ಖರ್ಚು ತೋಟದವರದ್ದು, ಅಲ್ವಾ?

ಕೆಳಗಿನವರ ಸಂಬಳ ಮಾತ್ರ ಮೇಲಿನವರಿಗಿಂತ ಎಷ್ಟೋ ಕಡಿಮೆ. ಅದನ್ನು ಜಾಸ್ತಿ ಮಾಡಿ. ಎರಡನೇ ಸಲದ ಮದ್ದು 40–45 ದಿನಕ್ಕೆ ಬರುತ್ತದೆ. ಚೆನ್ನಾಗಿ ಸೋಸಿದವರನ್ನು ಈಗಲೇ ಗೊತ್ತುಮಾಡಿಟ್ಟುಕೊಳ್ಳಿ.